ಇಂಟರ್ನ್‌ಶಿಪ್: 18 ಪಿಸಿಎಂ (ಭೌತ–ರಸಾಯನ–ಗಣಿತ) ಪ್ರಶಿಕ್ಷಣಾರ್ಥಿಗಳಿಗೆ ಮಾರ್ಗದರ್ಶಿ ಶಿಕ್ಷಕರನ್ನು ಹೊಂದಿಸುವುದು ಹೇಗೆ?

ಬಿ.ಎಡ್. ಸಂಯೋಜಕ:
ಎರಡನೇ ವರ್ಷದವರು 50 ಜನ, 16 ವಾರದ ಇಂಟರ್ನ್‌ಶಿಪ್, ಒಪ್ಪಿಗೆ ಕೊಟ್ಟ ಪ್ರೌಢಶಾಲೆಗಳು 9. ತಲೆಲೆಕ್ಕದಲ್ಲಿ ಶಾಲೆಗೆ ಐದಾರು ಜನ, ಸಲೀಸು. ಆದರೆ ಗಣಿತ–ಭೌತವಿಜ್ಞಾನದವರೇ 18 ಮಂದಿ. ಪ್ರತಿ ಶಾಲೆಯಲ್ಲೂ ಪಿಸಿಎಂ ಶಿಕ್ಷಕರು ಒಬ್ಬರೇ, ಅದರಲ್ಲೂ ಎರಡು ಕಡೆ ಅತಿಥಿ ಶಿಕ್ಷಕರು. ಹಂಚಿಕೆ ಎಲ್ಲಿಂದ ಶುರು ಮಾಡಲಿ?

ಗಣಿತ ವಿಧಾನ ಬೋಧಕ:
ತಲೆ ಎಣಿಸಬೇಡಿ ಸರ್, ಪಿರಿಯಡ್ ಎಣಿಸಿ. ಶಾಲೆಯ ವೇಳಾಪಟ್ಟಿ ತರಿಸಿಕೊಂಡು 10ನೇ ತರಗತಿಯನ್ನು ಮೊದಲೇ ಹೊಡೆದುಹಾಕಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ಯಾವ ಶಿಕ್ಷಕರೂ ಆ ತರಗತಿಯನ್ನು ಮನಸಾರೆ ಬಿಟ್ಟುಕೊಡುವುದಿಲ್ಲ. ಉಳಿಯುವುದು 8 ಮತ್ತು 9. ಒಂದೊಂದೇ ವಿಭಾಗವಿರುವ ಶಾಲೆಯಲ್ಲಿ ಗಣಿತಕ್ಕೆ ವಾರಕ್ಕೆ 6, ಭೌತವಿಜ್ಞಾನಕ್ಕೆ 2 ಪಿರಿಯಡ್ ಎಂದಿಟ್ಟುಕೊಳ್ಳಿ. ಇಬ್ಬರನ್ನು ಕಳಿಸಿದರೆ ಒಬ್ಬರಿಗೆ 8ರ ಗಣಿತ ಮತ್ತು 9ರ ಭೌತವಿಜ್ಞಾನ, ಇನ್ನೊಬ್ಬರಿಗೆ ಅದರ ತಿರುವುಮುರುವು. ತಲಾ 8 ಪಿರಿಯಡ್. ಮೂರನೆಯವರು ಬಂದರೆ ಒಂದು ಘಟಕವನ್ನು ಇಬ್ಬರು ಹರಿದು ಹಂಚಿಕೊಳ್ಳುತ್ತಾರೆ. ಆಗ ಘಟಕ ಯೋಜನೆ, ಘಟಕ ಪರೀಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಯಾವುದೂ ಒಬ್ಬರ ಕೆಲಸವಾಗಿ ಉಳಿಯದು. ಆದ್ದರಿಂದ ಒಬ್ಬ ಮಾರ್ಗದರ್ಶಿಗೆ ಇಬ್ಬರೇ ಗರಿಷ್ಠ.

ಅತಿಥಿ ಶಿಕ್ಷಕರನ್ನು ಮಾರ್ಗದರ್ಶಿಯೆಂದು ಲೆಕ್ಕಕ್ಕೆ ಹಿಡಿಯಬೇಡಿ. ಚೆನ್ನಾಗಿ ಪಾಠ ಮಾಡುವವರೇ ಇರಬಹುದು, ಆದರೆ ನಡುವೆ ಬಿಟ್ಟುಹೋದರೆ ಪ್ರಶಿಕ್ಷಣಾರ್ಥಿಯ ದಿನಚರಿಗೆ ಸಹಿ ಹಾಕುವವರೇ ಇರುವುದಿಲ್ಲ.

ಬಿ.ಎಡ್. ಸಂಯೋಜಕ:
ಹಾಗಾದರೆ 7 ಶಾಲೆಗೆ 14 ಜನ. ಉಳಿದ ನಾಲ್ವರು?

ಗಣಿತ ವಿಧಾನ ಬೋಧಕ:
ಹಿರಿಯ ಪ್ರಾಥಮಿಕ ಶಾಲೆಗೆ. ಬಿ.ಎಡ್. ಇಂಟರ್ನ್‌ಶಿಪ್ 6ರಿಂದ 8ನೇ ತರಗತಿಯನ್ನೂ ಒಳಗೊಳ್ಳಬೇಕು ಎಂಬುದು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ. ಗಣಿತ–ವಿಜ್ಞಾನದ ಪದವೀಧರ ಪ್ರಾಥಮಿಕ ಶಿಕ್ಷಕರಿರುವ ಎರಡು ಶಾಲೆ ಹುಡುಕಿ, ತಲಾ ಇಬ್ಬರನ್ನು ಕಳಿಸಿ, 8 ವಾರಕ್ಕೆ ಪ್ರೌಢಶಾಲೆಯವರೊಂದಿಗೆ ಅದಲು ಬದಲು ಮಾಡಿ. ನಾಲ್ಕು ವಾರಕ್ಕೊಮ್ಮೆ ಬದಲಿಸುವ ಆಸೆ ಬೇಡ, ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಎತ್ತಂಗಡಿಯಾಗುತ್ತದೆ. ನಡುವೆ ದಸರಾ ರಜೆ ಬರುವುದಾದರೆ ಬದಲಾವಣೆಯನ್ನು ಅದಕ್ಕೇ ಹೊಂದಿಸಿಕೊಳ್ಳಿ.

ಪ್ರೌಢಶಾಲಾ ಮುಖ್ಯ ಶಿಕ್ಷಕಿ:
ಶಾಲೆಯ ಕಡೆಯಿಂದ ಒಂದೆರಡು ಮಾತು. ಕಾಲೇಜಿನ ಪತ್ರ ಮುಖ್ಯ ಶಿಕ್ಷಕರ ಮೇಜಿಗೆ ಬರುತ್ತದೆ, ಪಾಠ ಬಿಟ್ಟುಕೊಡಬೇಕಾದ ಶಿಕ್ಷಕರಿಗೆ ವಿಷಯ ಗೊತ್ತಾಗುವುದು ಪ್ರಶಿಕ್ಷಣಾರ್ಥಿ ಬಾಗಿಲಲ್ಲಿ ನಿಂತಾಗ! ಎರಡು ವಾರ ಮೊದಲೇ ಕಾಲೇಜಿನ ವಿಧಾನ ಬೋಧಕರು (ಬೋಧನಾ ವಿಧಾನ ಕಲಿಸುವವರು) ಬಂದು ಆ ಶಿಕ್ಷಕರ ಜೊತೆ ಕೂತು, ಯಾವ ಘಟಕ ಯಾರಿಗೆ ಎಂದು ಬರೆದುಕೊಂಡು ಹೋಗಲಿ. ಪತ್ರದಲ್ಲಿ ಶಿಕ್ಷಕರ ಹೆಸರೇ ಇರಲಿ, ಜೊತೆಗೆ ಬದಲಿ ಮಾರ್ಗದರ್ಶಿಯ ಹೆಸರೂ ಇರಲಿ. ತರಬೇತಿ, ಚುನಾವಣಾ ಕೆಲಸ, ವರ್ಗಾವಣೆ, ಯಾವುದು ಯಾವಾಗ ಬರುತ್ತದೋ ಹೇಳಲಾಗದು.

ರಜೆ ಹಾಕಿದವರ ಪಿರಿಯಡ್ ತುಂಬಿಸಲು ಇಂಟರ್ನ್‌ಗಳನ್ನು ಬಳಸುವುದು ನಮ್ಮವರ ಚಾಳಿ, ಒಪ್ಪಿಕೊಳ್ಳುತ್ತೇನೆ. ವಾರಕ್ಕೆ ಇಂತಿಷ್ಟೇ ಎಂದು ಪತ್ರದಲ್ಲೇ ಮಿತಿ ಹಾಕಿ. ಎರಡರ ಮೇಲೆ ಹೋದರೆ ಅವಲೋಕನಕ್ಕೆ ಸಮಯವೇ ಸಿಗದು.

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕಿ:
ವಿಷಯ ಹೊಂದಿದ ಮೇಲೆ ಮಾಧ್ಯಮ ನೋಡಿ. ಕನ್ನಡ ಮಾಧ್ಯಮದಲ್ಲಿ ಪಾಠಯೋಜನೆ ಬರೆದು ಅಭ್ಯಾಸವಾದವರನ್ನು ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಹಾಕಿದರೆ ಮಾರ್ಗದರ್ಶಿಯ ಅರ್ಧ ಸಮಯ ಭಾಷೆ ತಿದ್ದುವುದಕ್ಕೇ ಹೋಗುತ್ತದೆ. ಆಮೇಲೆ ಬಸ್ಸು. ಬೆಳಗಿನ ಪ್ರಾರ್ಥನೆಗೆ ತಲುಪಿಸುವ ಬಸ್ಸು, ಸಂಜೆ ವಾಪಸ್ ಕರೆತರುವ ಬಸ್ಸು, ಎರಡೂ ಇರುವ ಊರನ್ನೇ ಆಯ್ದುಕೊಳ್ಳಿ.

ಹೊಂದಾಣಿಕೆ ಹೆಚ್ಚಾಗಿ ಕೆಡುವುದು ಪಾಠಯೋಜನೆಯ ವಿಷಯಕ್ಕೆ. ಮಾರ್ಗದರ್ಶಿ "ಇಷ್ಟುದ್ದ ಯಾಕಮ್ಮಾ, ಅರ್ಧ ಪುಟ ಸಾಕು" ಅನ್ನುತ್ತಾರೆ, ಕಾಲೇಜಿನವರು ಹಂತ ಹಂತವಾಗಿ ಕೇಳುತ್ತಾರೆ. ಪ್ರಶಿಕ್ಷಣಾರ್ಥಿ ನಡುವೆ ಸಿಕ್ಕಿಕೊಳ್ಳುತ್ತಾಳೆ. ಮೊದಲ ವಾರ ಬರೀ ಅವಲೋಕನ, ಎರಡನೇ ವಾರದ ಮೊದಲ ಪಾಠಕ್ಕೆ ಮಾರ್ಗದರ್ಶಿ ಮತ್ತು ವಿಧಾನ ಬೋಧಕರು ಒಟ್ಟಿಗೇ ಹಿಂದಿನ ಬೆಂಚಿನಲ್ಲಿ ಕೂತು, ಒಂದೇ ಅವಲೋಕನ ನಮೂನೆ ತುಂಬಲಿ.

ಬಿ.ಎಡ್. ಸಂಯೋಜಕ:
ಅಷ್ಟಾದರೂ ಹೊಂದದಿದ್ದರೆ?

ಡಯಟ್ ಉಪನ್ಯಾಸಕಿ:
ಮೂರನೇ ವಾರ ಮುಗಿಯುವುದರೊಳಗೆ ಬದಲಿಸಿ. ಅಷ್ಟರಲ್ಲಿ ಮುಗಿದ ಪಾಠಗಳಿಗೆ ಹಳೆಯ ಮಾರ್ಗದರ್ಶಿಯ ಸಹಿ ಅಂದೇ ಹಾಕಿಸಿಕೊಳ್ಳಿ. ಕೊನೆಗೆ ಸಹಿ ಹುಡುಕಿಕೊಂಡು ಅಲೆಯುವ ಪಾಡು ಬೇಡ.