ಅಲೆಯಿಂದ ಕರೆಂಟು ಬರ್ತದಾ, ಬರೀ ಪೇಪರ್ ಬರ್ತದಾ?

ತೊಟ್ಟಿನೀರು

ಮೊನ್ನೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ ಚಿಕ್ಕಪ್ಪ ಕೇಳಿದರು, “ನೀನು ಎಂ.ಟೆಕ್‌ನಲ್ಲಿ ಮಾಡುವುದೆಂತ ಮಾರಾಯ?” ಉದ್ದ ತೊಟ್ಟಿಯಲ್ಲಿ ನೀರು ತುಂಬಿಸಿ, ಒಂದು ತುದಿಯಿಂದ ಅಲೆ ಎಬ್ಬಿಸಿ, ಮಧ್ಯದಲ್ಲಿಟ್ಟ ಪೆಟ್ಟಿಗೆಯೊಳಗೆ ನೀರು ಎಷ್ಟು ಏರಿಳಿಯುತ್ತದೆ ಅಂತ ಅಳೆಯುವುದು ಅಂದೆ. “ಅದಕ್ಕೆ ಸ್ಟೈಪೆಂಡ್ ಬೇರೆ ಕೊಡ್ತಾರಾ?” ಇಡೀ ಪಂಕ್ತಿ ನಕ್ಕಿತು.

ನಕ್ಕದ್ದಕ್ಕೆ ಬೇಸರವಿಲ್ಲ. ಉತ್ತರ ಹೊಳೆಯಲಿಲ್ಲ ಅಂತ ಬೇಸರ.

ಪೆಟ್ಟಿಗೆ ಅಂದರೆ ಬೋರಲು ಹಾಕಿ ನೀರಲ್ಲಿ ಅರ್ಧ ಅದ್ದಿದ ಚೊಂಬು ಅಂದುಕೊಳ್ಳಿ. ಒಳಗೆ ನೀರು ಏರಿದಾಗ ಗಾಳಿ ಮೇಲಿನ ತೂತಿನಿಂದ ಹೊರಗೆ ನುಗ್ಗುತ್ತದೆ, ಇಳಿದಾಗ ಒಳಗೆ. ಆ ತೂತಿಗೆ ಟರ್ಬೈನ್. ಬೆಲ್‌ಫಾಸ್ಟ್‌ನ ಪ್ರೊಫೆಸರ್ ಅಲನ್ ವೆಲ್ಸ್ ಮಾಡಿದ ಟರ್ಬೈನ್‌ಗೆ ಗಾಳಿ ಯಾವ ಕಡೆಯಿಂದ ಬಂದರೂ ಒಂದೇ, ಒಂದೇ ದಿಕ್ಕಿಗೆ ತಿರುಗುತ್ತದೆ. ಕೇರಳದ ವಿಳಿಂಜಂನಲ್ಲಿ 1991ರಲ್ಲೇ ಮದ್ರಾಸ್ ಐಐಟಿಯವರು ಇಂಥದ್ದೇ 150 ಕಿಲೊವ್ಯಾಟ್‌ನ ಒಂದು ಸ್ಥಾವರ ಮಾಡಿದ್ದರು. ಈಗ ಅದು ನಡೆಯುತ್ತಿಲ್ಲ. ಮೂವತ್ತು ವರ್ಷ ಕಳೆದು ನಾನು 1:30 ಅಳತೆಯಲ್ಲಿ ಅದರ ತಮ್ಮನನ್ನು ತೊಟ್ಟಿಯಲ್ಲಿ ಮುಳುಗಿಸಿ ಕೂತಿದ್ದೇನೆ.

ಇದರಿಂದ ಪ್ರಯೋಜನ ಉಂಟಾ ಇಲ್ವಾ? ಸಮಾಧಾನ ಬೇಡ, ನೇರವಾಗಿ ಹೇಳಿ.

ಜಯನಗರ_4ನೇ_ಬ್ಲಾಕ್

ನೇರವಾಗಿಯೇ ಹೇಳ್ತೀನಿ ಗುರು. ಇಲ್ಲ.

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಒಂದು ಚಕ್ರ ತಿರುಗಲ್ಲ, ಒಂದು ನಟ್ ತುಕ್ಕು ಹಿಡಿಯಲ್ಲ. ನೀವು ಉಪ್ಪುನೀರಲ್ಲಿ ಯಂತ್ರ ಇಟ್ಟು ಏನ್ ಸಾಧಿಸ್ತೀರಾ? ಸ್ಕಾಟ್ಲೆಂಡಿನ ಪೆಲಾಮಿಸ್ ಅನ್ನೋ ಅಲೆಯಂತ್ರ, ಕೆಂಪು ಹಾವಿನ ಥರ ತೇಲ್ತಿತ್ತಲ್ಲ, 2014ರಲ್ಲಿ ಕಂಪನಿ ಮುಚ್ಚಿತು. ಮರುವರ್ಷ ಆಯ್ಸ್ಟರ್ ಅನ್ನೋ ಇನ್ನೊಂದು ಅಲೆಯಂತ್ರ ಮಾಡಿದವರದ್ದೂ ಅದೇ ಕಥೆ. ನಮ್ಮಲ್ಲಿ 2022ರ ನವೆಂಬರ್‌ನಲ್ಲಿ ತೂತುಕುಡಿ ಹತ್ರ ಸಿಂಧುಜಾ-1 ಅನ್ನೋ ಅಲೆಯಂತ್ರ ಬಿಟ್ರು, ಪೇಪರ್‌ನಲ್ಲಿ ದೊಡ್ಡ ಸುದ್ದಿ. ಎಷ್ಟು ಬಂತು? 100 ವ್ಯಾಟ್. ನಮ್ಮನೆ ಹಾಲ್‌ನ ಫ್ಯಾನ್ ತಿರುಗ್ಬಹುದು, ಟಿವಿ ಆಫ್ ಮಾಡಿದ್ರೆ.

ತೊಟ್ಟಿನೀರು

ಸಿಂಧುಜಾವನ್ನು ನಿಮ್ಮ ಫ್ಯಾನ್ ತಿರುಗಿಸಲು ಬಿಟ್ಟದ್ದಲ್ಲ ಸರ್. ಸಮುದ್ರದ ಮಧ್ಯೆ ತೇಲುವ ಉಪಕರಣಗಳಿಗೆ ಅಷ್ಟು ಕರೆಂಟೇ ಬಂಗಾರ, ಅಲ್ಲಿಗೆ ಬೆಸ್ಕಾಂ ಕಂಬ ಇಲ್ಲ.

ಪೆಲಾಮಿಸ್ ವಿಷಯ ಒಪ್ಪಿದೆ.

ಗ್ರಿಡ್_ಅಜ್ಜ

ನಾನು ಲೋಡ್ ಡಿಸ್ಪ್ಯಾಚ್‌ನಲ್ಲಿ, ಅಂದರೆ ಎಲ್ಲಿಗೆ ಎಷ್ಟು ಕರೆಂಟು ಎಂದು ಹೊಂದಿಸುವ ಕಡೆ, ಕೂತು ನಿವೃತ್ತನಾದವನು. ಯಂತ್ರ ಮುರಿಯುತ್ತದೋ ಉಳಿಯುತ್ತದೋ ನನಗೆ ಗೊತ್ತಿಲ್ಲ. ಉಳಿಯಿತು ಅಂತಲೇ ಇಟ್ಟುಕೊಳ್ಳೋಣ. ಅಲೆಯ ಶಕ್ತಿಗೆ ಒಂದು ಸರಳ ಲೆಕ್ಕ ಇದೆಯಲ್ಲ, ಎತ್ತರದ ವರ್ಗವನ್ನು ಅಲೆಯ ಅವಧಿಯಿಂದ (ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಹೊತ್ತು) ಗುಣಿಸಿ, ಅದರ ಸುಮಾರು ಅರ್ಧ. ಬೇಸಿಗೆಯಲ್ಲಿ 1 ಮೀಟರ್ ಎತ್ತರ, 7 ಸೆಕೆಂಡ್ ಅಂದರೆ ತೀರದ ಒಂದೊಂದು ಮೀಟರಿಗೆ ಮೂರೂವರೆ ಕಿಲೊವ್ಯಾಟ್. ಆಷಾಢದಲ್ಲಿ 3 ಮೀಟರ್, 9 ಸೆಕೆಂಡ್ ಅಂದರೆ 40. ಹತ್ತು ಪಟ್ಟಿಗಿಂತ ಜಾಸ್ತಿ.

ಬಹಳ ಚೆನ್ನ. ಆದರೆ ಆಷಾಢದಲ್ಲಿ ಕರೆಂಟು ಯಾರಿಗೆ ಬೇಕಾಗಿತ್ತು? ಪಂಪ್‌ಸೆಟ್ ನಿಂತಿರುತ್ತವೆ, ಎ.ಸಿ. ನಿಂತಿರುತ್ತದೆ, ಲಿಂಗನಮಕ್ಕಿಗೆ ನೀರು ಬರುತ್ತಿರುತ್ತದೆ, ಗದಗ ಚಿತ್ರದುರ್ಗದ ಗಾಳಿಗಿರಣಿಗಳು ಹುಚ್ಚೆದ್ದು ತಿರುಗುತ್ತಿರುತ್ತವೆ. ನಾವು ಒದ್ದಾಡುತ್ತಿದ್ದದ್ದು ಮಾರ್ಚ್, ಏಪ್ರಿಲ್. ಆಗ ನಿಮ್ಮ ಕಡಲು ಮಲಗಿರುತ್ತದೆ. ಸ್ಕಾಟ್ಲೆಂಡಿನಲ್ಲಿ ಚಳಿಗಾಲದಲ್ಲೇ ಅಲೆ ಜೋರು, ಚಳಿಗಾಲದಲ್ಲೇ ಕರೆಂಟೂ ಬೇಕು. ಅವರ ಯಂತ್ರವನ್ನು ಇಲ್ಲಿಗೆ ತರಬಹುದು, ಅವರ ಕ್ಯಾಲೆಂಡರ್ ತರಲು ಬರುವುದಿಲ್ಲ.

ಜಯನಗರ_4ನೇ_ಬ್ಲಾಕ್

ಅಜ್ಜ, ಇಷ್ಟು ಹೊತ್ತು ಎಲ್ಲಿದ್ರಿ. ಈ ಪಾಯಿಂಟ್ ನನಗೂ ಹೊಳೆದಿರ್ಲಿಲ್ಲ.

ಮಲ್ಪೆಯವ

ಎಲ್ಲರೂ ಕರೆಂಟಿನ ಲೆಕ್ಕ ಹಾಕ್ತಾ ಇದ್ದೀರಿ. ಜೂನ್ 1ರಿಂದ ಜುಲೈ 31, ಅರವತ್ತೊಂದು ದಿನ ನಮ್ಮ ಟ್ರಾಲ್ ಬೋಟು, ಪರ್ಸಿನ್ ಬೋಟು ಎಲ್ಲ ಬಂದರಿನಲ್ಲಿ ಕಟ್ಟಿ ಹಾಕಿರ್ತದೆ. ಹೊರಗೆ ಹೋಗುವುದು ನಾಡದೋಣಿ ಮಾತ್ರ, ಅದೂ ಕಡಲು ಸ್ವಲ್ಪ ತಣಿದ ದಿನ. ನಿಮ್ಮ ಯಂತ್ರ ಜೋರು ಕೆಲಸ ಮಾಡುವುದೂ ಆ ಎರಡು ತಿಂಗಳೇ, ಕೆಟ್ಟು ನಿಲ್ಲುವುದೂ ಆ ಎರಡು ತಿಂಗಳೇ. ಆಗ ರಿಪೇರಿಗೆ ಹೋಗುವುದು ಯಾರು ಮಾರಾಯ್ರೆ?

ಮತ್ತೆ ಲಂಗರಿನ ಸರಪಳಿ. ಒಂದು ಬಾಯ್‌ಗೆ, ಆ ತೇಲುವ ಬುರುಡೆಗೆ, ಎಷ್ಟು ಉದ್ದದ ಸರಪಳಿ ಬಿಡ್ತಾರೆ ನೋಡಿದ್ದೀರಾ? ಅದರ ಸುತ್ತ ಬಲೆ ಬೀಸುವ ಹಾಗಿಲ್ಲ. ಬಾಯ್ ಕಾಣದೆ ಅದರ ಮೇಲೆ ಹೋಗಿ ಬಲೆ ಹರಿದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಪರಿಹಾರ ಕೇಳಲು ಹೋದರೆ ಈ ಆಫೀಸು ಆ ಆಫೀಸು ಅಂತ ಒಂದು ವರ್ಷ ತಿರುಗಿಸಿದರು.

ಧಾರವಾಡ_ಪೇಡೆ

ತಮ್ಮಾ ತೊಟ್ಟಿನೀರು, ಇವರೆಲ್ಲ ಬರೇ ಕರೆಂಟ್ ಕರೆಂಟ್ ಅನ್ನಾಕ ಹತ್ತ್ಯಾರ. ನಿನ್ನ ವಿದ್ಯಾ ಕರೆಂಟಿಗಷ್ಟ ಅಲ್ಲ. ನಾ ಬಾಂಬೆ ಹೈದಾಗ ಇಪ್ಪತ್ತೆರಡ ವರ್ಷ ದುಡದೀನಿ. 1974ರಾಗ ಸಾಗರ್ ಸಮ್ರಾಟ್ ರಿಗ್ ಅಲ್ಲಿ ಎಣ್ಣಿ ಹುಡುಕಿತು. ಅಲ್ಲಿ ನೀರು ಹತ್ತತ್ರ 75 ಮೀಟರ್ ಆಳ, ಅದರಾಗ ಉಕ್ಕಿನ ಕಾಲ ಊರಿ ಪ್ಲಾಟ್‌ಫಾರ್ಮ್ ನಿಂದರಿಸ್ಯಾರ. ಆ ಕಾಲಿಗೆ ಅಲಿ ಎಷ್ಟ ಜೋರ ಹೊಡೀತದ ಅನ್ನೋ ಲೆಕ್ಕ ಹಾಕೋದು ಮಾರಿಸನ್ ಸಮೀಕರಣದಾಗ. ಅದು 1950ರಾಗ ಅಮೆರಿಕಾದ ಬರ್ಕ್ಲಿ ಯುನಿವರ್ಸಿಟಿಯವರು ಬರದದ್ದು, ಅದೂ ತೊಟ್ಟಿಯೊಳಗ ಸಣ್ಣ ಕಂಬ ನಿಂದರಿಸಿ ಅಳದು. ಇವತ್ತಿಗೂ ಅದ ನಡೀತೈತಿ.

ಒಂದು ಮಾತ ಹೇಳತೀನಿ ಕೇಳ. ಕಂಬಕ್ಕ ಪಚ್ಚಿಲೆ ಹತ್ತತಾವ, ಚಿಪ್ಪಿನ ಹುಳ. ನಾವು ಡೈವರ್‌ಗಳನ್ನ ಇಳಿಸಿ ನೀರಿನ ಜೆಟ್‌ಲೇ ಕೆರಸತಿದ್ವಿ. ಹೊಸದಾಗಿ ಬಂದ ಹುಡುಗೂರು “ಸರ್, ಇದು ಚಂದ ಕಾಣಲಿ ಅಂತ ಮಾಡಸ್ತೀರೇನು?” ಅಂತ ಕೇಳತಿದ್ರು. ಒಂದು ಮೀಟರ್ ಕಂಬಕ್ಕ ಸುತ್ತ ಹತ್ತು ಸೆಂಟಿಮೀಟರ್ ಚಿಪ್ಪು ಬೆಳೀತಂದ್ರ ಕಂಬ 1.2 ಮೀಟರ್ ಆತು. ನೀರು ಎಳಿಯೋ ಬಲ ಐದನೇ ಒಂದು ಪಾಲು ಏರತದ. ನೀರಿನ ವೇಗ ಬದಲಾಗುವಾಗ ಬೀಳೋ ಬಲ ವ್ಯಾಸದ ವರ್ಗಕ್ಕ ತಕ್ಕಂಗ, ಅದು ನೂರಕ್ಕ 44 ಏರತದ. ಮ್ಯಾಲ ಚಿಪ್ಪಿನ ಒರಟು ಬ್ಯಾರೆ. ಚಂದಕ್ಕಲ್ಲ ಕೆರಿಯೋದು.

2021ರ ಮೇ 17ಕ್ಕ ತೌಕ್ತೆ ಚಂಡಮಾರುತದಾಗ ಅಲ್ಲಿ ಕೆಲಸಗಾರರು ಇರತಿದ್ದ ಪಿ-305 ಬಾರ್ಜಿನ ಲಂಗರು ಹರದು, ಅದು ತೇಲಿ ಪ್ಲಾಟ್‌ಫಾರ್ಮಿಗೆ ಬಡದು ಮುಳಗಿತು. ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ನಾ ಆಗಲೇ ರಿಟೈರ್ ಆಗಿದ್ದೆ. ಟಿವಿ ಮುಂದ ಕುಂತು ಊಟ ಸೇರಲಿಲ್ಲ ನೋಡ್ರಿ. ಲಂಗರಿನ ಹಗ್ಗಕ್ಕ ಎಷ್ಟು ಜಗ್ಗತದ ಅನ್ನೋದು ಅಟ್ಟದ ಮ್ಯಾಲಿನ ಥಿಯರಿ ಅಲ್ಲ.

ಜಯನಗರ_4ನೇ_ಬ್ಲಾಕ್

ಅದು ಸರಿ ಸರ್, ಆ ಸುದ್ದಿ ನನಗೂ ನೆನಪಿದೆ. ಆದ್ರೆ ಇದನ್ನೆಲ್ಲ ಕಂಪ್ಯೂಟರ್‌ನಲ್ಲಿ ಮಾಡ್ಬಹುದಲ್ವಾ? ನೀರು ಗಾಳಿಯ ಹರಿವನ್ನ ಲೆಕ್ಕ ಹಾಕೋ ಸಿ.ಎಫ್.ಡಿ. ಇದೆ, ಅದನ್ನ ಬೇಗ ಓಡ್ಸೋ ಜಿ.ಪಿ.ಯು. ಚಿಪ್ ಇದೆ. 2025 ಕಳೆದ ಮೇಲೂ ತೊಟ್ಟಿಗೆ ನೀರು ತುಂಬ್ಸೋದು ಯಾಕೆ?

ತೊಟ್ಟಿನೀರು

ಅಲೆ ಸಣ್ಣದಿದ್ದಾಗ ಕಂಪ್ಯೂಟರಿನ ಸುಲಭದ ಲೆಕ್ಕ ಸಾಕು ಸರ್, ನಾನೂ ಮೊದಲು ಅದರಲ್ಲೇ ಮಾಡುತ್ತೇನೆ, ಕ್ಷಣದಲ್ಲಿ ಉತ್ತರ ಬರುತ್ತದೆ. ಅಲೆ ಒಡೆದು ನೊರೆಯಾಗಿ, ಗಾಳಿ ನೀರು ಬೆರೆತು ಗೋಡೆಗೆ ಬಡಿಯುವಾಗ ಆ ಸುಲಭದ ಲೆಕ್ಕಕ್ಕೆ ಕಣ್ಣು ಕಾಣುವುದಿಲ್ಲ. ಸಿ.ಎಫ್.ಡಿ.ಗೆ ಕಾಣುತ್ತದೆ, ಆದರೆ ಅದು ಕಂಡದ್ದು ನಿಜವಾ ಅಂತ ತಾಳೆ ನೋಡಲು ಮತ್ತೆ ತೊಟ್ಟಿಗೇ ಬರಬೇಕು.

ತೊಟ್ಟಿಯೂ ಸುಳ್ಳು ಹೇಳುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. 1:30ರಲ್ಲಿ 3 ಮೀಟರ್ ಅಲೆ 10 ಸೆಂಟಿಮೀಟರ್. 9 ಸೆಕೆಂಡಿನ ಅವಧಿ 30ರ ವರ್ಗಮೂಲದಷ್ಟು ಇಳಿದು 1.64 ಸೆಕೆಂಡ್. ಇಲ್ಲಿಯವರೆಗೆ ಸುಖ. ವಿದ್ಯುತ್ ಮಾತ್ರ 30ರ ಮೂರೂವರೆ ಘಾತಕ್ಕೆ ಇಳಿಯುತ್ತದೆ, ಅಂದರೆ ಸುಮಾರು 1,48,000 ಪಟ್ಟು. ವಿಳಿಂಜಂನ 150 ಕಿಲೊವ್ಯಾಟ್ ನನ್ನ ತೊಟ್ಟಿಯಲ್ಲಿ ಒಂದೇ ಒಂದು ವ್ಯಾಟ್! ಎಲ್ಲಾದರೂ ಅರ್ಧ ವ್ಯಾಟ್ ಘರ್ಷಣೆಗೆ ಹೋಯಿತೋ, ಕಾಗದದ ಮೇಲೆ ಅರ್ಧ ಸ್ಥಾವರ ಮಾಯ. ಅದಕ್ಕೇ ಮಾದರಿಯಲ್ಲಿ ಟರ್ಬೈನ್ ಇಡುವುದಿಲ್ಲ, ಬರೀ ಒಂದು ತೂತು ಕೊರೆದು ಗಾಳಿಯ ಒತ್ತಡ ಅಳೆಯುತ್ತೇವೆ. ಅಲ್ಲೂ ಒಂದು ತೊಡಕು. ಸಮುದ್ರದಲ್ಲಿ ದೊಡ್ಡ ಕೋಣೆಯ ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗುತ್ತದೆ, ನನ್ನ ಪುಟ್ಟ ಪೆಟ್ಟಿಗೆಯ ಗಾಳಿ ಕುಗ್ಗಿದ್ದು ಗೊತ್ತೇ ಆಗುವುದಿಲ್ಲ. ವಾತಾವರಣದ ಒತ್ತಡವನ್ನು 1:30ಕ್ಕೆ ಇಳಿಸಲು ಬರುತ್ತದಾ?

ದಿನ ಹೇಗೆ ಹೋಗುತ್ತದೆ ಅಂದರೆ, ಬೆಳಿಗ್ಗೆ ಹೋಗಿ ಅಲೆ ಅಳೆಯುವ ಕಡ್ಡಿಗಳನ್ನು ಮೇಲೆ ಕೆಳಗೆ ಮಾಡಿ ಹೊಂದಿಸಬೇಕು, ನಿನ್ನೆಯ ಅಂಕಿ ಇವತ್ತಿಗೆ ಆಗುವುದಿಲ್ಲ. ಒಂದು ಓಟ, ಅಂದರೆ ಒಂದು ಸಲ ಅಲೆ ಎಬ್ಬಿಸಿ ಅಳೆಯುವುದು, ಎರಡು ನಿಮಿಷ. ಆಮೇಲೆ ಆ ತುದಿಗೆ ಹೋಗಿ ಬಡಿದು ವಾಪಸ್ ಬಂದ ಅಲೆಗಳು ಸಾಯುವವರೆಗೆ ಸುಮ್ಮನೆ ಕಾಯಬೇಕು. ನೀರಿನ ಮೇಲೆ ಟ್ಯೂಬ್‌ಲೈಟಿನ ನೆರಳು ನಡುಗುವುದು ನಿಂತರೆ ಮುಂದಿನ ಓಟ. ದಿನಕ್ಕೆ ಇಪ್ಪತ್ತು ಓಟ ಆದರೆ ಹಬ್ಬ.

ಅಬರ್ಡೀನ್_ಚಳಿ

ಆ ಕಾಯುವಿಕೆ ಓದಿ ನನ್ನ ಪಿಎಚ್.ಡಿ. ದಿನಗಳು ನೆನಪಾದವು. ಮೂಲ ಶಿರಸಿ, ಈಗ ಇಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ತೇಲುವ ಗಾಳಿಯಂತ್ರಗಳ ಕೆಲಸ.

ಜಯನಗರದವರ ಮಾತಿಗೆ ಒಂದು ಸೇರ್ಪಡೆ. ಪೋರ್ಚುಗಲ್‌ನಲ್ಲಿ 2008ರಲ್ಲಿ ಇಳಿಸಿದ ಮೂರು ಪೆಲಾಮಿಸ್‌ಗಳನ್ನು ಅಲೆ ಮುರಿದದ್ದಲ್ಲ. ಬೇರಿಂಗ್ ತೊಂದರೆಗೆ ದಡಕ್ಕೆ ಎಳೆದರು, ಅಷ್ಟರಲ್ಲಿ ಹಣ ಹಾಕಿದ್ದ ಸಂಸ್ಥೆ ಆ ವರ್ಷದ ಆರ್ಥಿಕ ಕುಸಿತದಲ್ಲಿ ಬಿತ್ತು. ಯಂತ್ರಕ್ಕೆ ಕೆಟ್ಟ ಕಾಲ ಬಂದದ್ದು ಎರಡೂ ಕಡೆಯಿಂದ.

ತೊಟ್ಟಿನೀರು, ನಿಮ್ಮ ವಿದ್ಯೆ ಎಲ್ಲಿ ಬೆಲೆಬಾಳುತ್ತದೆ ಅಂತ ಹೇಳುತ್ತೇನೆ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಪೀಟರ್‌ಹೆಡ್, ಅಲ್ಲಿಂದ 25 ಕಿಲೊಮೀಟರ್ ದೂರ ಸಮುದ್ರದಲ್ಲಿ 2017ರಿಂದ ಹೈವಿಂಡ್ ಎಂಬ ಯೋಜನೆಯ ಐದು ಗಾಳಿಯಂತ್ರಗಳು ತೇಲುತ್ತಾ ನಿಂತಿವೆ, ಒಟ್ಟು 30 ಮೆಗಾವ್ಯಾಟ್. ಜೋಕಾಲಿಯನ್ನು ಅದರದೇ ಲಯಕ್ಕೆ ತಳ್ಳಿದರೆ ಏರುತ್ತಾ ಹೋಗುತ್ತದೆ ಅಲ್ಲವೇ? ಇವುಗಳ ಲಯವನ್ನು ಬೇಕೆಂದೇ ಅಲೆಗಿಂತ ನಿಧಾನ ಮಾಡಿರುತ್ತಾರೆ, ಅಲೆ ಎಷ್ಟು ತಳ್ಳಿದರೂ ಅದು ತನ್ನ ಪಾಡಿಗೆ ಇರುತ್ತದೆ. ನಿಮ್ಮ ಚೊಂಬಿನದು ಉಲ್ಟಾ, ಅಲೆಯ ಲಯಕ್ಕೇ ಕುಣಿಯಬೇಕು. ಸಮೀಕರಣ ಒಂದೇ. ಕುಣಿಯುವ ಯಂತ್ರ ಮಾಡಲು ಹೋದವರು ದಿವಾಳಿ ಆದರು, ಕುಣಿಯದ ಯಂತ್ರ ಮಾಡಿದವರು ಕರೆಂಟು ಮಾರುತ್ತಿದ್ದಾರೆ.

ಇನ್ನೊಂದು, ನಿಮ್ಮದು ಉದ್ದ ತೊಟ್ಟಿ, ಅಲೆ ಒಂದೇ ಕಡೆಯಿಂದ ಬರುತ್ತದೆ. 1995ರ ಜನವರಿ 1ರಂದು ನಾರ್ವೆಯ ಡ್ರಾಪ್ನರ್ ಪ್ಲಾಟ್‌ಫಾರ್ಮಿಗೆ ಬಡಿದ 25.6 ಮೀಟರಿನ ರಾಕ್ಷಸ ಅಲೆಯನ್ನು 2019ರಲ್ಲಿ ಎಡಿನ್‌ಬರೋದ ದುಂಡು ತೊಟ್ಟಿಯಲ್ಲಿ ಮರಳಿ ಎಬ್ಬಿಸಿದರು. ಎರಡು ಅಲೆಗುಂಪುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಅಡ್ಡ ಹಾದಾಗಲೇ ಅದು ಅಷ್ಟು ಎತ್ತರ ಎದ್ದದ್ದು. ಉದ್ದ ತೊಟ್ಟಿಯಲ್ಲಿ ಅದಕ್ಕಿಂತ ಮೊದಲೇ ಒಡೆದುಹೋಗುತ್ತದೆ.

ಗ್ರಿಡ್_ಅಜ್ಜ

ಗಾಳಿಯಂತ್ರವಾದರೂ ನಮ್ಮ ಕಡಲಿಗೆ ಬರುತ್ತದೆಯೇ? 2024ರ ಜೂನ್‌ನಲ್ಲಿ ಕೇಂದ್ರ 7,453 ಕೋಟಿ ಕೊಡುತ್ತೇನೆ ಎಂದಿತಲ್ಲ, ಅದು ಗುಜರಾತಿಗೆ 500, ತಮಿಳುನಾಡಿಗೆ 500 ಮೆಗಾವ್ಯಾಟ್. ಉಡುಪಿಯ ಹೆಸರು ಅದರಲ್ಲಿಲ್ಲ.

ಅಬರ್ಡೀನ್_ಚಳಿ

ಇಲ್ಲ ಸರ್. ಅವೆರಡು ಕಡೆಯ ಗಾಳಿಯೇ ಬೇರೆ.

ಆದರೆ ಬಂದರಿಗೆ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಗೋಡೆ, ಹೇಗೂ ಕಟ್ಟಲೇಬೇಕು ಅಂತಿದ್ದರೆ ಅದರೊಳಗೇ ಈ ಚೊಂಬುಗಳನ್ನು ಕೂರಿಸಬಹುದು. ಸ್ಪೇನ್‌ನ ಮುತ್ರಿಕುವಿನಲ್ಲಿ 2011ರಿಂದ ಹಾಗೆ ಇದೆ, 16 ಟರ್ಬೈನ್, 296 ಕಿಲೊವ್ಯಾಟ್. ಕಾಂಕ್ರೀಟಿನ ಖರ್ಚು ಬಂದರಿನ ಲೆಕ್ಕಕ್ಕೆ, ರಿಪೇರಿಗೆ ನಡೆದುಕೊಂಡೇ ಹೋಗಬಹುದು.

ಮಲ್ಪೆಯವ

ಬ್ರೇಕ್‌ವಾಟರ್ ಹೆಸರು ತೆಗೀಬೇಡಿ. ಒಂದು ಊರಿಗೆ ಗೋಡೆ ಕಟ್ಟಿದರೆ ಗೋಡೆ ಮುಗಿದಲ್ಲಿಂದ ಪಕ್ಕದ ಊರಿಗೆ ಕೊರೆತ ಶುರು. ನನ್ನ ಅಜ್ಜಿಮನೆಯ ತೆಂಗಿನ ತೋಟದಲ್ಲಿ ಈಗ ಉಳಿದದ್ದು ಒಂದು ಸಾಲು. ಕಲ್ಲು ತಂದು ಹಾಕ್ತಾರೆ, ಎರಡು ಮಳೆಗಾಲಕ್ಕೆ ಕಲ್ಲು ಕಡಲೊಳಗೆ.

ತೊಟ್ಟಿನೀರು

ಅಣ್ಣಾ, ಕಲ್ಲು ಹೋಗುವುದಕ್ಕೆ ಒಂದು ಕಾರಣ ಹೇಳ್ತೇನೆ. ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಇರಬೇಕು. ಅಲೆ 3 ಮೀಟರ್ ಅಂದುಕೊಂಡು ಕಟ್ಟಿ, ಬಂದದ್ದು 3.6 ಆದರೆ ಕಲ್ಲು 1.7 ಪಟ್ಟು ಭಾರ ಇರಬೇಕಿತ್ತು. ಎತ್ತರದ ಅಂದಾಜಿನಲ್ಲಿ ಗೇಣುದ್ದ ತಪ್ಪಿದರೆ ಲಾರಿಗಟ್ಟಲೆ ಕಲ್ಲು ತಪ್ಪಿದ ಹಾಗೆ.

ಪಕ್ಕದ ಊರಿನ ಕೊರೆತ ಬೇರೆ, ಅದು ಮರಳು ಸಾಗುವ ದಾರಿಗೆ ಅಡ್ಡ ಕಟ್ಟಿದ್ದರಿಂದ. ನನ್ನ ತೊಟ್ಟಿಯಲ್ಲಿ ಅದು ಕಾಣುವುದಿಲ್ಲ.

ಒಂದು ಕೇಳಲಾ? ನಿಮಗೆ ಕಡಲಲ್ಲಿ ನಿಜವಾಗಿ ಹೆದರಿಕೆ ಆಗುವುದು ಯಾವ ಅಲೆಗೆ? ದೊಡ್ಡದಕ್ಕಾ?

ಮಲ್ಪೆಯವ

ದೊಡ್ಡದಕ್ಕೆ ಅಲ್ಲ. ಹೊರಗಿನ ದೊಡ್ಡ ಅಲೆ ಗುಡ್ಡ ಹತ್ತಿ ಇಳಿದ ಹಾಗೆ, ದೋಣಿ ಏರ್ತದೆ, ಇಳೀತದೆ. ಹೆದರಿಕೆ ಅಳಿವೆಯಲ್ಲಿ. ಮಳೆಗಾಲ, ಹೊಳೆ ತುಂಬಿ ಕೆಂಪು ನೀರು ಹೊರಗೆ ನುಗ್ಗುತ್ತಾ ಇರ್ತದೆ, ಅದರ ಮೇಲೆ ಇಳಿತ. ಆಗ ಹೊರಗಿನಿಂದ ಬಂದ ಅಲೆ ಬಾಗಿಲಲ್ಲೇ ಉದ್ದದಲ್ಲಿ ಗಿಡ್ಡ ಆಗಿ, ಗೋಡೆಯ ಹಾಗೆ ನೆಟ್ಟಗೆ ನಿಲ್ತದೆ. ದೋಣಿಯ ಮೂತಿ ಎತ್ತಲು ಟೈಮೇ ಕೊಡುವುದಿಲ್ಲ. ನಮ್ಮವರು ಹೋದದ್ದೆಲ್ಲ ಅಲ್ಲಿಯೇ, ಮನೆ ಕಾಣುವಷ್ಟು ಹತ್ತಿರ.

ತೊಟ್ಟಿನೀರು

ನೀವು ಹೇಳಿದ್ದು ಅಕ್ಷರಶಃ ಸರಿ. ಎದುರು ನೀರು ಬಂದರೆ ಅಲೆಯ ಉದ್ದ ಕುಗ್ಗುತ್ತದೆ, ಎತ್ತರ ಏರುತ್ತದೆ. 4 ಸೆಕೆಂಡಿನ ಅಲೆಗೆ ಎದುರಿನಿಂದ ಸೆಕೆಂಡಿಗೆ ಒಂದೂವರೆ ಮೀಟರ್ ನೀರು ಬಂದರೆ ಸಾಕು, ಅದು ಒಳಗೆ ಹೋಗಲಾರದೆ ಅಲ್ಲೇ ಎದ್ದು ಒಡೆಯುತ್ತದೆ. ಉದ್ದ ಅವಧಿಯವು ಒಳಗೆ ಬರುತ್ತವೆ, ಆದರೆ ಕಡಿದಾಗಿ.

ನನ್ನ ತೊಟ್ಟಿಯಲ್ಲಿ ಎದುರು ಹರಿವು ಇಲ್ಲ. ಪಂಪು, ಪೈಪು ಕೂರಿಸಿ ಆ ತುದಿಯಿಂದ ನೀರು ಬಿಟ್ಟು, ಅದರಲ್ಲಿ ಒಂದು ಮಾದರಿ ದೋಣಿ ತೇಲಿಸಿದರೆ ಆಗುತ್ತದೆ, ನಮ್ಮ ಸರ್ ಹತ್ತಿರ ಕೇಳಿ ನೋಡ್ತೇನೆ. ಇದಕ್ಕೆ ಉದ್ದ ತೊಟ್ಟಿಯೇ ಸಾಕು, ದುಂಡಗಿನದ್ದು ಬೇಡ.

ಜಯನಗರ_4ನೇ_ಬ್ಲಾಕ್

ಕರೆಂಟ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ ಅಂತ ದಾಖಲೆಗೆ ಇರ್ಲಿ. ಈ ಪಂಪ್‌ಗೆ ಮಾತ್ರ ನನ್ನ ಆಕ್ಷೇಪ ಇಲ್ಲ.

ಧಾರವಾಡ_ಪೇಡೆ

ಮಾದರಿ ದೋಣಿ ಮಾಡೂ ಮುಂದ ತೂಕ ಅಷ್ಟ ಅಲ್ಲ, ಗುರುತ್ವ ಕೇಂದ್ರ ಎಲ್ಲೈತಿ ಅನ್ನೋದೂ ಹೊಂದಿಸ್ಕೋ ತಮ್ಮಾ. ಮೀನಿನ ಬಲಿ ಎಲ್ಲಿ ಇಡ್ತಾರ, ಮಂದಿ ಎಲ್ಲಿ ಕುಂದರ್ತಾರ ಕೇಳು.

ತೊಟ್ಟಿನೀರು

ಮಲ್ಪೆಯಣ್ಣ, ನಿಮ್ಮ ನಾಡದೋಣಿಯ ಅಳತೆ ಸಿಗಬಹುದಾ? ಉದ್ದ, ಅಗಲ, ಎಂಜಿನ್ ಎಲ್ಲಿ, ಬಲೆ ಎಲ್ಲಿ.

ಮಲ್ಪೆಯವ

ಆದಿತ್ಯವಾರ ಬನ್ನಿ, ದೋಣಿ ಮೇಲೆ ಎಳೆದು ಇಟ್ಟಿದ್ದೇವೆ. ಟೇಪು ನೀವೇ ತನ್ನಿ, ನಮ್ಮದು ಉಪ್ಪು ಹಿಡಿದು ಎರಡು ಮೀಟರಿನ ಮೇಲೆ ಬಿಚ್ಚುವುದಿಲ್ಲ.