ಜಾನ್ಸಿಸ್ ರಾಬಿನ್ಸನ್ ವೈನ್ ಬರಹಗಾರ್ತಿಯಾದ ದಾರಿ, ಅವರ ಅಂಕಪದ್ಧತಿ, ಕನ್ನಡದಲ್ಲಿ ವೈನ್ ಟಿಪ್ಪಣಿ

ಪದಗಂಧ ಕೇಳಿದ್ದು:

ನಮಸ್ಕಾರ. ಕನ್ನಡ ಪಾಕ್ಷಿಕವೊಂದಕ್ಕೆ ವೈನ್ ಅಂಕಣ ಶುರುವಾಗಲಿದೆ. ಮೊದಲ ಕಂತು ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ ಅವರ ಬಗ್ಗೆ. ಮೂರು ವಿಷಯದಲ್ಲಿ ತಿಳಿದವರ ನೆರವು ಬೇಕು.

1. ವೈನ್ ವ್ಯಾಪಾರದ ಮನೆತನದವರಲ್ಲ, ಓದಿದ್ದು ಗಣಿತ. ಈ ಕೆಲಸಕ್ಕೆ ಬಂದದ್ದು ಯಾವ ದಾರಿಯಲ್ಲಿ? 'ಮಾಸ್ಟರ್ ಆಫ್ ವೈನ್ ಆದ ಮೊದಲ ಮಹಿಳೆ' ಎಂದು ಕೆಲವು ಕಡೆ ಓದಿದೆ. ಸರಿಯೇ?

2. ಅವರು 20ಕ್ಕೆ ಅಂಕ ಕೊಡುತ್ತಾರೆ, ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಕೊಡುತ್ತಿದ್ದದ್ದು 100ಕ್ಕೆ. ಓದುಗರಿಗೆ ಐದರಿಂದ ಗುಣಿಸಿ ತೋರಿಸಿದರೆ ಸಾಕೇ?

3. ಇಂಗ್ಲಿಷ್ ಟಿಪ್ಪಣಿಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಹಣ್ಣುಗಳನ್ನು ಕನ್ನಡದಲ್ಲಿ ಏನೆಂದು ಬರೆಯುವುದು?

ಕಡತದಕೋಣೆ ಉತ್ತರ:

ಮೊದಲು ತಪ್ಪು ತಿದ್ದೋಣ, ಯಾಕೆಂದರೆ ಅದು ಅಚ್ಚಾದ ಮೇಲೆ ತಿದ್ದಲು ಬರುವುದಿಲ್ಲ. ಮಾಸ್ಟರ್ ಆಫ್ ವೈನ್ ಆದ ಮೊದಲ ಮಹಿಳೆ ಸಾರಾ ಮಾರ್ಫ್ಯೂ ಸ್ಟೀಫನ್, 1970ರಲ್ಲಿ. ಜಾನ್ಸಿಸ್ ತೇರ್ಗಡೆಯಾದದ್ದು 1984ರಲ್ಲಿ. ಅವರ ಹೆಚ್ಚುಗಾರಿಕೆ ಬೇರೆಯದು: ವೈನ್ ಕೊಳ್ಳುವ, ಮಾರುವ ಕಸುಬಿನವರಲ್ಲದೆ ಈ ಪದವಿ ಪಡೆದ ಮೊದಲಿಗರು ಅವರು. ಅಲ್ಲಿಯವರೆಗೂ ಅದು ವರ್ತಕರ ಪರೀಕ್ಷೆ. 1953ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ನಡೆದಾಗ ಕೂತವರು 21 ಜನ, ಪಾಸಾದವರು 6. ಈಗಲೂ ಸಡಿಲವಾಗಿಲ್ಲ. ರುಚಿ ನೋಡುವ ಭಾಗದಲ್ಲೇ ಮೂರು ಪತ್ರಿಕೆ, ಪ್ರತಿಯೊಂದಕ್ಕೂ ಹೆಸರು ಮುಚ್ಚಿಟ್ಟ 12 ವೈನ್, ಸಮಯ ಎರಡೂಕಾಲು ಗಂಟೆ. ಒಂದು ಲೋಟಕ್ಕೆ ಹನ್ನೊಂದು ನಿಮಿಷ ಸಿಕ್ಕೀತು, ಬರೆಯುವುದೂ ಅಷ್ಟರಲ್ಲೇ. ಭಾರತದಿಂದ ಈ ಪದವಿ ಪಡೆದ ಮೊದಲಿಗರು ಸೋನಲ್ ಹಾಲಂಡ್, 2016ರಲ್ಲಿ.

ಇನ್ನು ಅವರ ದಾರಿ. ಹುಟ್ಟಿದ್ದು 1950ರಲ್ಲಿ, ಇಂಗ್ಲೆಂಡಿನ ಉತ್ತರ ತುದಿಯ ಕಂಬ್ರಿಯಾ ಸೀಮೆಯಲ್ಲಿ. ಆಕ್ಸ್‌ಫರ್ಡಿನ ಸೇಂಟ್ ಆನ್ಸ್ ಕಾಲೇಜಿನಲ್ಲಿ ಗಣಿತ, ತತ್ತ್ವಶಾಸ್ತ್ರ. ಅಲ್ಲಿದ್ದಾಗ ಕುಡಿದ ಫ್ರಾನ್ಸಿನ ಬುರ್ಗುಂಡಿ ಸೀಮೆಯ ಒಂದು ವೈನ್, 1959ರ ಶಾಂಬೋಲ್ ಮ್ಯೂಸಿನಿ ಲೇಜಾಮೂರೂಸ್, ತಮ್ಮ ಆಸಕ್ತಿಯ ಮೂಲ ಎಂದು ಅವರೇ ಹೇಳಿಕೊಂಡಿದ್ದಾರೆ. ಓದು ಮುಗಿಸಿ ಪ್ರವಾಸ ಸಂಸ್ಥೆಯಲ್ಲಿ ಕೆಲಸ, ಆಮೇಲೆ ಕೆಲಕಾಲ ಫ್ರಾನ್ಸಿನಲ್ಲಿ ವಾಸ. 1975ರ ಡಿಸೆಂಬರಿನಲ್ಲಿ 'ವೈನ್ ಅಂಡ್ ಸ್ಪಿರಿಟ್' ಎಂಬ ವ್ಯಾಪಾರಿ ಪತ್ರಿಕೆಗೆ ಸಹಾಯಕ ಸಂಪಾದಕಿಯಾಗಿ ಸೇರಿದರು.

ನಿಮ್ಮ ಅಂಕಣದಲ್ಲಿ ಇಲ್ಲಿ ಸ್ವಲ್ಪ ನಿಲ್ಲಿ. ವ್ಯಾಪಾರಿ ಪತ್ರಿಕೆಯಲ್ಲಿ ಕೆಲಸ ಎಂದರೆ ಆಮದು, ಸುಂಕ, ಸಗಟು ದರ, ಯಾರು ಯಾರಿಂದ ಕೊಳ್ಳುತ್ತಾರೆ ಎಂಬುದೆಲ್ಲ ದಿನಬೆಳಗಾದರೆ ಕೈಗೆ ಬರುವ ಸಾಮಗ್ರಿ. ರುಚಿಯ ವಿಶೇಷಣಗಳನ್ನು ಮಾತ್ರ ಕಲಿತವರಿಗೆ ಒಂದು ಬಾಟಲಿಗೆ ಆ ಬೆಲೆ ಯಾಕೆ ಎಂದು ವಿವರಿಸಲು ಆಗುವುದಿಲ್ಲ. ಅವರು ಆ ಪಾಠದಿಂದಲೇ ಶುರು ಮಾಡಿದರು.

1983ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ವೈನ್ ಸರಣಿ ನಡೆಸಿಕೊಟ್ಟರು. 1986ರಲ್ಲಿ 'ವೈನ್ಸ್, ಗ್ರೇಪ್ಸ್ ಅಂಡ್ ವೈನ್ಸ್'. (ಕನ್ನಡದಲ್ಲಿ ಬರೆದಾಗ ಮೊದಲನೆಯದೂ ಕೊನೆಯದೂ ಒಂದೇ ಪದದಂತೆ ಕಾಣುತ್ತದೆ, ಮೊದಲನೆಯದು ದ್ರಾಕ್ಷಿ ಬಳ್ಳಿ, ಕೊನೆಯದು ಪೇಯ. ಒಂದು ವಾಕ್ಯದಲ್ಲಿ ತಿಳಿಸಿಬಿಡಿ.) ಆಗಿನ ಪುಸ್ತಕಗಳಲ್ಲಿ ಊರು, ಸೀಮೆ, ಎಸ್ಟೇಟುಗಳೇ ಮುಂದು. ಇವರು ದ್ರಾಕ್ಷಿ ತಳಿಯನ್ನು ಮುಂದಕ್ಕೆ ತಂದರು. ಈ ತಳಿಯಿಂದ ಇಂಥ ಗುಣ, ಅದು ಈ ಮಣ್ಣು ಹವೆಯಲ್ಲಿ ಹೀಗೆ ಬದಲಾಗುತ್ತದೆ ಎಂದು ತಿಳಿದರೆ ಸಾವಿರ ಲೇಬಲ್ ಬಾಯಿಪಾಠ ಮಾಡಬೇಕಿಲ್ಲ. 2012ರಲ್ಲಿ ಜೂಲಿಯಾ ಹಾರ್ಡಿಂಗ್ ಮತ್ತು ಸ್ವಿಟ್ಜರ್ಲೆಂಡಿನ ದ್ರಾಕ್ಷಿ ತಳಿವಿಜ್ಞಾನಿ ಹೋಸೆ ವುಯಾಮೋ ಜೊತೆ ಬರೆದ 'ವೈನ್ ಗ್ರೇಪ್ಸ್'ನಲ್ಲಿ 1,368 ತಳಿಗಳಿವೆ. ಎರಡು ಪುಸ್ತಕಗಳ ನಡುವೆ 26 ವರ್ಷ, ಹಿಡಿದ ಎಳೆ ಒಂದೇ. ನಡುವೆ, 1994ರಲ್ಲಿ, 'ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವೈನ್'. ನಿಘಂಟಿನ ಹಾಗೆ ಅಕಾರಾದಿಯಾಗಿ ಜೋಡಿಸಿದ ಆ ಗ್ರಂಥದ ಐದನೇ ಆವೃತ್ತಿ 2023ರಲ್ಲಿ ಬಂತು. ಹ್ಯೂ ಜಾನ್ಸನ್ 1971ರಲ್ಲಿ ಆರಂಭಿಸಿದ 'ವರ್ಲ್ಡ್ ಅಟ್ಲಾಸ್ ಆಫ್ ವೈನ್'ಗೆ 2001ರ ಐದನೇ ಆವೃತ್ತಿಯಿಂದ ಸಹಲೇಖಕಿ. ಸ್ವಂತ ಜಾಲತಾಣ 2000ದಲ್ಲಿ, ಚಂದಾ ಕೊಟ್ಟು ಓದುವಂಥದ್ದು. 2021ರಲ್ಲಿ ಅದನ್ನು ಮಾರಿದರೂ ಬರೆಯುವುದು ನಿಲ್ಲಿಸಲಿಲ್ಲ. ಫೈನಾನ್ಶಿಯಲ್ ಟೈಮ್ಸ್ ಅಂಕಣಕ್ಕೆ ಮೂರು ದಶಕ ದಾಟಿದೆ.

ಟೀವಿಯಿಂದ ಹೆಸರು ಬಂದಿರಬಹುದು. ಉಳಿಯುವುದು ಪರಾಮರ್ಶನ ಗ್ರಂಥಗಳು. ಜಗತ್ತಿನ ಉಳಿದ ವೈನ್ ಬರಹಗಾರರು ಅನುಮಾನ ಬಂದಾಗ ತೆಗೆದು ನೋಡುವುದು ಅವನ್ನೇ.

ಅಂಕಗಣಿತ ಉತ್ತರ:

ದಯವಿಟ್ಟು ಐದರಿಂದ ಗುಣಿಸಬೇಡಿ. 16.5 ಅಂಕದ ವೈನ್ ಗುಣಿಸಿದರೆ 82.5 ಆಗುತ್ತದೆ. 100ರ ಪದ್ಧತಿಯಲ್ಲಿ 82 ಎಂದರೆ ಅಂಗಡಿಯವರು ಬೋರ್ಡಿಗೆ ಹಾಕಲು ಹಿಂಜರಿಯುವ ಅಂಕ. ಜಾನ್ಸಿಸ್ ಲೆಕ್ಕದಲ್ಲಿ 16.5 ಒಳ್ಳೆಯ ವೈನ್.

ಅವರ ಮೆಟ್ಟಿಲುಗಳು ಹೀಗಿವೆ: 20 ನಿಜಕ್ಕೂ ಅಸಾಧಾರಣ, 18 ಶ್ರೇಷ್ಠಕ್ಕಿಂತ ಒಂದು ಕೈ ಮೇಲು, 17 ಶ್ರೇಷ್ಠ, 16 ಗಮನಾರ್ಹ, 15 ಸಾಧಾರಣ, 14 ತೀರಾ ನೀರಸ, 13 ದೋಷದ ಅಂಚು, 12 ದೋಷವುಳ್ಳದ್ದು ಅಥವಾ ಹದ ತಪ್ಪಿದ್ದು. ಅರ್ಧ ಅಂಕಗಳೂ ಉಂಟು. ಬಹುಪಾಲು ವೈನ್ ಬೀಳುವುದು 15ರಿಂದ 18ರ ನಡುವೆ.

ಪಾರ್ಕರ್ ಪದ್ಧತಿಯಲ್ಲಿ ಲೋಟಕ್ಕೆ ಬಿದ್ದ ಕೂಡಲೇ 50 ಅಂಕ. ಬಣ್ಣ, ತಿಳಿಗೆ 5ರವರೆಗೆ, ಪರಿಮಳಕ್ಕೆ 15, ರುಚಿ ಮತ್ತು ಬಾಯಲ್ಲಿ ಉಳಿಯುವಿಕೆಗೆ 20, ಒಟ್ಟು ಗುಣ ಮತ್ತು ಮುಂದೆ ಮಾಗುವ ಶಕ್ತಿಗೆ 10. ಹಾಗಾಗಿ ಹೆಸರಿಗೆ ನೂರಾದರೂ ಅಳತೆಪಟ್ಟಿ ಇರುವುದು ಐವತ್ತರದು. ಅಮೆರಿಕದ ಶಾಲೆಗಳ ಅಂಕದಂತಿದ್ದದ್ದರಿಂದ ಅಲ್ಲಿನ ಗ್ರಾಹಕರಿಗೆ ವಿವರಣೆಯೇ ಬೇಕಾಗಲಿಲ್ಲ.

ಪಾರ್ಕರ್ ಬಾಲ್ಟಿಮೋರಿನ ವಕೀಲ. 1978ರಲ್ಲಿ ಜಾಹೀರಾತಿಲ್ಲದ 'ವೈನ್ ಅಡ್ವೊಕೇಟ್' ಶುರು ಮಾಡಿದರು, ಫ್ರಾನ್ಸಿನ ಬೋರ್ಡೋ ಸೀಮೆಯ 1982ರ ಕೊಯ್ಲನ್ನು ಹೊಗಳಿ ಹೆಸರಾದರು, 1984ರಲ್ಲಿ ವಕೀಲಿ ಬಿಟ್ಟರು, 2019ರಲ್ಲಿ ನಿವೃತ್ತರಾದರು. ಅವರೂ ಜಾನ್ಸಿಸ್ ಅವರೂ ನೇರ ಎದುರಾದದ್ದು 2004ರಲ್ಲಿ, ಬೋರ್ಡೋದ ಶಾತೋ ಪಾವಿ ಎಸ್ಟೇಟಿನ 2003ರ ವೈನಿಗೆ ಸಂಬಂಧಿಸಿ. ಯುರೋಪಿನಲ್ಲಿ 2003ರದು ಸುಡುಬೇಸಿಗೆ, ಹಣ್ಣು ವಿಪರೀತ ಮಾಗಿತ್ತು. ಜಾನ್ಸಿಸ್ ಕೊಟ್ಟದ್ದು 12, ಮೇಲಿನ ಪಟ್ಟಿಯಲ್ಲಿ ಅದರ ಅರ್ಥ ನೋಡಿ. ಪಾರ್ಕರ್ ಕೊಟ್ಟದ್ದು ನೂರರ ಸನಿಹದ ಅಂಕ. ಇದು ನಾಲಿಗೆಯ ಎಡವಟ್ಟಲ್ಲ. ಬೋರ್ಡೋ ವೈನಿನಲ್ಲಿ ಹುಳಿ, ತಾಜಾತನ, ಆ ನೆಲದ ಗುರುತು ಇರಲೇಬೇಕೆ, ಅಥವಾ ದಟ್ಟತೆ, ಮಾಗಿದ ಹಣ್ಣಿನ ಸಿರಿ ಇದ್ದರೆ ಸಾಕೇ ಎಂಬುದರಲ್ಲೇ ಅವರಿಗೆ ಭಿನ್ನಾಭಿಪ್ರಾಯ. ಅಂಕ ಉದ್ಧರಿಸುವಾಗ ಯಾರದು, ಎಷ್ಟಕ್ಕೆ, ಯಾವ ವರ್ಷ ರುಚಿ ನೋಡಿದ್ದು ಎಂಬ ಮೂರೂ ಇರಲಿ. ಪೀಪಾಯಿಯಲ್ಲಿದ್ದಾಗ ಕೊಟ್ಟ ಅಂಕ ಹತ್ತು ವರ್ಷದ ಬಾಟಲಿಗೆ ಅನ್ವಯಿಸುವುದಿಲ್ಲ.

ಮೆಣಸಿನಬಳ್ಳಿ ಉತ್ತರ:

ಮೂರನೇ ಪ್ರಶ್ನೆಗೆ.

ನಿಘಂಟು ನೋಡಿ ಗೂಸ್‌ಬೆರಿಗೆ 'ನೆಲ್ಲಿಕಾಯಿ' ಎಂದು ಬರೆಯುವ ತಪ್ಪು ಎಲ್ಲೆಡೆ ಕಾಣುತ್ತದೆ. ಎರಡೂ ಬೇರೆ ಕುಲದ ಗಿಡ. ನಮ್ಮ ಬೆಟ್ಟದ ನೆಲ್ಲಿಯಲ್ಲಿ ಒಗರು ಮುಂದು. ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಒಗರು ಇಲ್ಲವೆನ್ನುವಷ್ಟು ಕಡಿಮೆ. ಓದುಗರು ಒಗರನ್ನು ಹುಡುಕುತ್ತಾ ಕೂರುತ್ತಾರೆ. ಅದೇ ವೈನಿಗೆ ದೊಣ್ಣೆಮೆಣಸಿನಕಾಯಿ, ಸೀಬೆಹಣ್ಣು ಎಂದು ಧೈರ್ಯವಾಗಿ ಬರೆಯಬಹುದು. ಅದರ ಹಸಿರು ವಾಸನೆಯನ್ನು ಕೊಡುವ ಪೈರಜಿನ್ ಎಂಬ ಸಂಯುಕ್ತ ದೊಣ್ಣೆಮೆಣಸಿನಲ್ಲೂ ಇದೆ, ಸೀಬೆಯ ಘಮಕ್ಕೆ ಕಾರಣವಾಗುವ ಗಂಧಕದ ಸಂಯುಕ್ತಗಳು ವೈನಿನಲ್ಲೂ ಇವೆ. ಹಾಗೆಯೇ ಬ್ಲ್ಯಾಕ್‌ಕರಂಟ್ ಕಪ್ಪು ದ್ರಾಕ್ಷಿಯಲ್ಲ, ಒಣದ್ರಾಕ್ಷಿಯೂ ಅಲ್ಲ. ನೇರಳೆ ಎಂದರೆ ಬಣ್ಣಕ್ಕೆ ಹೊಂದೀತು, ಪರಿಮಳಕ್ಕೆ ಹೊಂದದು. 'ಕಪ್ಪು ಹಣ್ಣಿನ ಘಮ' ಎಂದು ಬಿಟ್ಟರೆ ಸುಳ್ಳಾಗುವುದಿಲ್ಲ.

ಶಿರಾಜ್ ಎಂಬ ಕೆಂಪು ವೈನಿನಲ್ಲಿ ಕರಿಮೆಣಸು ಎಂದು ಬರೆಯುವುದು ಹೋಲಿಕೆ ಮಾತ್ರವಲ್ಲ. ರೋಟಂಡೋನ್ ಎಂಬ ಅದೇ ಅಣು ಎರಡರಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು ಅದನ್ನು 2008ರಲ್ಲಿ ಪ್ರಕಟಿಸಿದರು. ಐವರಲ್ಲಿ ಸುಮಾರು ಒಬ್ಬರಿಗೆ ಆ ವಾಸನೆ ಹತ್ತುವುದೇ ಇಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡದ್ದು. 'ಮೆಣಸು ಎಲ್ಲಿದೆ?' ಎಂದು ಪತ್ರ ಬರೆಯುವ ಓದುಗರ ಮೂಗು ಕೆಟ್ಟಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಹಣ್ಣಿನ ಪಟ್ಟಿ ಟಿಪ್ಪಣಿಯ ಬೆನ್ನೆಲುಬು ಅಲ್ಲ. ಹುಳಿ, ಒಗರು, ಸಿಹಿ, ಮದ್ಯದ ಬಿಸಿ, ಮೈತುಂಬು, ನುಂಗಿದ ಮೇಲೆ ಉಳಿಯುವಿಕೆ: ಇವು ಬೆನ್ನೆಲುಬು, ಮತ್ತು ಇಲ್ಲಿ ಕನ್ನಡ ಸಿರಿವಂತ. ಟ್ಯಾನಿನ್ ಎಂಬುದಕ್ಕೆ ಒಗರು ಎಂಬ ಪದ ಮಕ್ಕಳಿಗೂ ಗೊತ್ತು. ಜೊಲ್ಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದು ಗಂಟುಗಟ್ಟಿಸುತ್ತದೆ, ಜಾರು ಹೋಗಿ ಕೆನ್ನೆಯ ಒಳಮೈ ಒಸಡಿಗೆ ಉಜ್ಜಿದಂತಾಗುತ್ತದೆ. ಎಳೆ ಅಡಕೆ, ಗೇರುಹಣ್ಣು, ಬಾಳೆಕಾಯಿ ಜಗಿದಾಗಲೂ ಆಗುವುದು ಇದೇ. 'ಎಳೆ ಅಡಕೆಯಷ್ಟು ಒಗರು, ಒಸಡಿನ ಮೇಲೆ ತರಿತರಿ' ಎಂದರೆ ಶಿವಮೊಗ್ಗದವರಿಗೆ ತಕ್ಷಣ ಹತ್ತುತ್ತದೆ. ಹುಳಿ ಸಾಲದ ವೈನಿಗೆ 'ಚಪ್ಪೆ' ಇದೆ. ಹುಳಿಯ ಮಟ್ಟ ತಿಳಿಯಲು ಉಗುಳಿದ ಮೇಲೆ ತಲೆ ಬಗ್ಗಿಸಿ ಬಾಯಿ ಸ್ವಲ್ಪ ತೆರೆದಿಡಿ, ಜೊಲ್ಲು ಎಷ್ಟು ಬೇಗ ಊರುತ್ತದೆ ನೋಡಿ.

ದೋಷಗಳಿಗೂ ಪದಗಳಿವೆ. ಬಿರಡೆಯ ಮೂಲಕ ಬರುವ ಟಿಸಿಎ ಎಂಬ ರಾಸಾಯನಿಕದ ದೋಷಕ್ಕೆ 'ಮುಗ್ಗಲು' ಸಾಕು, ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ಡಬ್ಬದ ವಾಸನೆ. ವಿನೆಗರ್ ಕಡೆ ಹೊರಳಿದ ವೈನಿನಲ್ಲಿ ಉಗುರುಬಣ್ಣ ಅಳಿಸುವ ದ್ರಾವಣದ ಘಾಟು. ಬ್ರೆಟ್ ಎಂಬ ಕಾಡು ಯೀಸ್ಟ್ ಹತ್ತಿದ್ದರೆ ಕೊಟ್ಟಿಗೆಯ ವಾಸನೆ. ಮುಗ್ಗಲು ಬಂದ ಬಾಟಲಿಗೆ ಅಂಕ ಕೊಡಬೇಡಿ. ಇನ್ನೊಂದು ಬಾಟಲಿ ತೆಗೆಯಿರಿ. ತಪ್ಪು ಬಿರಡೆಯದು.

ತಪ್ಪಲತೋಟ ಉತ್ತರ:

ಕೆಲಸದ ಕ್ರಮದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ.

ಟುಲಿಪ್ ಮೊಗ್ಗಿನಂತೆ ಬಾಯಿ ಕಿರಿದಾದ, ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡದ ಲೋಟ ತನ್ನಿ, ಎಲ್ಲ ವೈನಿಗೂ ಒಂದೇ ಆಕಾರ. ತುಂಬ ಹಿಡಿಸಿದರೆ ಸುಮಾರು 215 ಮಿ.ಲೀ., ಆದರೆ ಹಾಕಬೇಕಾದ್ದು 50 ಮಿ.ಲೀ. ಮಾತ್ರ. ಮಿಕ್ಕ ಜಾಗ ಪರಿಮಳ ನಿಲ್ಲಲು. 750 ಮಿ.ಲೀ. ಬಾಟಲಿಯಿಂದ 15 ಜನರಿಗೆ ಆಯಿತು. ಲೋಟವನ್ನು ಸೋಪಿನಲ್ಲಿ ತೊಳೆದು ಕಪಾಟಿನಲ್ಲಿ ಬೋರಲು ಇಟ್ಟರೆ ಮರದ, ಸೋಪಿನ ವಾಸನೆ ಒಳಗೇ ಕೂರುತ್ತದೆ. ಹಾಕುವ ಮುನ್ನ ಖಾಲಿ ಲೋಟವನ್ನೇ ಒಮ್ಮೆ ಮೂಸಿ.

'ಕೆಂಪು ವೈನ್ ಕೋಣೆಯ ಉಷ್ಣಾಂಶದಲ್ಲಿ' ಎಂಬ ಮಾತು ಯುರೋಪಿನ ಚಳಿಮನೆಗಳದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಕೋಣೆ 28 ಡಿಗ್ರಿ ಇದ್ದರೆ ಮದ್ಯದ ಘಾಟೇ ಮುಂದೆ ಬಂದು ವೈನ್ ಹದಗೆಟ್ಟಂತೆ ತೋರುತ್ತದೆ. ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ತನ್ನಿ. ಬಿಳಿ ವೈನಿಗೆ 8–12. ಅದಕ್ಕಿಂತ ತಣ್ಣಗಾದರೆ ದೋಷಗಳೂ ಅಡಗಿಕೊಳ್ಳುತ್ತವೆ.

ಮೊದಲು ಬಿಳಿ, ಆಮೇಲೆ ಕೆಂಪು, ಸಿಹಿ ಕೊನೆಗೆ. ಒಗರು ಒಂದರ ಮೇಲೊಂದು ಕೂಡುತ್ತಾ ಹೋಗುವುದರಿಂದ ಹತ್ತನೇ ಕೆಂಪು ವೈನ್ ಇರುವುದಕ್ಕಿಂತ ಗಡಸಾಗಿ ಕಾಣುತ್ತದೆ. ಅನುಮಾನವಿದ್ದರೆ ಕ್ರಮ ತಿರುಗಿಸಿ ಇನ್ನೊಮ್ಮೆ ನೋಡಿ. ಉಗುಳುವುದು ಕಡ್ಡಾಯ, ಆದರೂ ಸ್ವಲ್ಪ ಮದ್ಯ ಮೈಗೆ ಹೋಗುತ್ತದೆ, ವಾಹನ ಓಡಿಸಬೇಡಿ. ಮುಗಿದ ಕೂಡಲೇ ಹಲ್ಲುಜ್ಜಬೇಡಿ. ಹುಳಿಗೆ ಮೆತ್ತಗಾದ ದಂತಕವಚ ಸವೆಯುತ್ತದೆ, ಒಂದು ಗಂಟೆ ತಡೆಯಿರಿ.

ಟಿಪ್ಪಣಿಯ ತಲೆಯಲ್ಲಿ ಲೇಬಲ್ಲಿನ ಪೂರ್ತಿ ಹೆಸರು, ಕೊಯ್ಲಿನ ವರ್ಷ, ಮದ್ಯದ ಶೇಕಡಾವಾರು, ರುಚಿ ನೋಡಿದ ದಿನಾಂಕ, ಬಾಟಲಿ ಕೊಂಡದ್ದೋ ಕಂಪನಿ ಕಳಿಸಿದ್ದೋ ಎಂಬುದು ಇರಲೇಬೇಕು. ಕೊನೆಯದನ್ನು ಅಂಕಣದಲ್ಲೂ ಅಚ್ಚು ಮಾಡಿ. ಕಂಪನಿಯ ಖರ್ಚಿನಲ್ಲಿ ತೋಟ ನೋಡಿ ಬಂದದ್ದನ್ನು ಮುಚ್ಚಿಟ್ಟರೆ, ಬರೆದದ್ದು ಅಪ್ಪಟ ಸತ್ಯವಾಗಿದ್ದರೂ ಒಂದು ದಿನ ಅದು ಲೆಕ್ಕಕ್ಕೆ ಬರುವುದಿಲ್ಲ.

ಪದಗಂಧ:

ಎಲ್ಲರಿಗೂ ಧನ್ಯವಾದ. ಮೊದಲ ಕಂತಿನ ತಪ್ಪು ತಪ್ಪಿತು. ಒಂದೇ ಅನುಮಾನ ಉಳಿದಿದೆ: ನಂದಿ ಬೆಟ್ಟದ ಕಡೆಯ ವೈನಿಗೆ ಕೊಯ್ಲಿನ ವರ್ಷ ಬರೆಯುವುದು ಹೇಗೆ? ಯುರೋಪಿನ ಲೆಕ್ಕವೇ?

ತಪ್ಪಲತೋಟ:

ಹಣ್ಣು ಕೊಯ್ದ ವರ್ಷವೇ ಲೆಕ್ಕ, ತಿಂಗಳು ಮಾತ್ರ ಬೇರೆ. ಯುರೋಪಿನಲ್ಲಿ ಬೇಸಿಗೆ ಮುಗಿಯುವಾಗ ಕೊಯ್ಲು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು): ಏಪ್ರಿಲ್ ಹೊತ್ತಿಗೆ ಕಡ್ಡಿ ಬಲಿಯಲು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಫಸಲಿಗೆ. ಹಣ್ಣು ಬರುವುದು ಮರುವರ್ಷ ಫೆಬ್ರವರಿ–ಮಾರ್ಚ್ ಸುಮಾರಿಗೆ. 2023ರ ಅಕ್ಟೋಬರ್ ಚಾಟ್ನಿಯ ಹಣ್ಣು 2024ರ ವೈನ್. 'ಆ ವರ್ಷ ಮಳೆ ಜಾಸ್ತಿ' ಎಂದು ಬರೆಯುವ ಮುನ್ನ ಹಿಂದಿನ ವರ್ಷದ ನವೆಂಬರ್ ಮಳೆಯನ್ನೂ ನೋಡಿ, ಹೂ ಕಚ್ಚುವ ಹೊತ್ತಿಗೆ ಬಿದ್ದದ್ದು ಅದೇ.

ಬೆಂಗಳೂರು ನೀಲಿ ದ್ರಾಕ್ಷಿಯ ವೈನನ್ನು ಪ್ರತ್ಯೇಕವಾಗಿ ಇಡಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಆ ತಳಿಯಲ್ಲಿ ಅಮೆರಿಕದ ಲಾಬ್ರುಸ್ಕಾ ದ್ರಾಕ್ಷಿಯ ರಕ್ತವಿದೆ. ದ್ರಾಕ್ಷಿ ಜ್ಯೂಸಿನ, ದ್ರಾಕ್ಷಿ ಪೆಪ್ಪರಮೆಂಟಿನ ಆ ಗಾಢ ಘಮ ಅಲ್ಲಿಂದ ಬಂದದ್ದು. ಶಿರಾಜ್, ಕ್ಯಾಬರ್ನೇಗಳ ಸಾಲಿನಲ್ಲಿ ನಡುವೆ ಇಟ್ಟರೆ ಮುಂದಿನ ಎರಡು ಮೂರು ಲೋಟಗಳಲ್ಲೂ ಅದೇ ಘಮ ಬಂದಂತಾಗುತ್ತದೆ. ಇನ್ನೊಂದು ದಿನ, ಬೇರೆ ಸರದಿಯಲ್ಲಿ ನೋಡಿ.