ಮಸ್ಟ್ ನಾಟ್ ಅಂದ್ರೆ ಬೇಕಾಗಿಲ್ಲವೋ, ಬಾರದೋ?

ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಒಂದು ಅನುಮಾನ, ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ರಿ.

ನಮ್ಮಣ್ಣನ ಮಗ ಒಂಬತ್ನೇ ಕ್ಲಾಸು, ಇಂಗ್ಲಿಷ್ ಮೀಡಿಯಮ್ಮು. ಹೋದ್ವಾರ ನಮ್ಮವ್ವನ ಹೊಸ ಮಾತ್ರೆ ಡಬ್ಬಿಯೊಳಗಿನ ಚೀಟಿ ಓದಿ ಹೇಳೋ ಅಂತ ಅವನ ಕೈಗೆ ಕೊಟ್ವಿ. ಅದ್ರಲ್ಲಿ ‘ಮಸ್ಟ್ ನಾಟ್ ಬಿ ಚ್ಯೂಡ್’ ಅಂತ ಇತ್ತು. ಇವ್ನು ಮಸ್ಟ್ ಅಂದ್ರೆ ಬೇಕು, ನಾಟ್ ಅಂದ್ರೆ ಇಲ್ಲ, ಎರಡೂ ಕೂಡ್ಸಿ ‘ಅಗೀಬೇಕಾಗಿಲ್ಲ ಅಜ್ಜಿ’ ಅಂದ. ಅವ್ವ ಅಗಿದು ಬಾಯೆಲ್ಲಾ ಕಹಿ ಮಾಡ್ಕೊಂಡ್ಲು. ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದ್ವಿ, ಏನೂ ಆಗ್ಲಿಲ್ಲ ಬಿಡ್ರಿ. ಆಮೇಲೆ ಮೊಮ್ಮಗನಿಗೆ ಅವ್ವನ ಪಾಠ: ‘ಅಗೀಬಾರ್ದು ಅಂತ ಎಲ್ಲಿ ಅಂದ್ಯೋ? ಅಗೀಬೇಕಾಗಿಲ್ಲ ಅಂದಿ. ಹಲ್ಲು ಗಟ್ಟಿ ಅದಾವಲ್ಲ, ಅಗಿದೆ.’

ನಾನು ಮನೇಲಿ ಹತ್ತಾರು ಮಕ್ಳಿಗೆ ಟ್ಯೂಷನ್ ಹೇಳ್ತೀನಿ, ಆದ್ರೂ ಇಷ್ಟು ಸಲೀಸಾಗಿ ಹೇಳಕ್ಕೆ ನನಗೆ ಬಂದಿರ್ಲಿಲ್ಲ. ಮಸ್ಟ್ ನಾಟ್ ಅನ್ನುವಾಗ ಆ ನಾಟ್ ಕುಂತಿರೋದು ಮಸ್ಟ್ ಪಕ್ಕದಲ್ಲಿ, ಆದ್ರೆ ಇಲ್ಲ ಅನ್ನೋದು ಅಗಿಯೋ ಕೆಲಸಕ್ಕೆ, ಅಂದ್ರೆ ಅಗಿಯದೇ ಇರ್ಲೇಬೇಕು ಅಂತ. ನೀಡ್ ನಾಟ್, ಡೋಂಟ್ ಹ್ಯಾವ್ ಟು ಇವುಗಳಲ್ಲಿ ಇಲ್ಲ ಆಗೋದು ಬೇಕು ಅನ್ನೋದೇ, ಅಗಿಯೋದು ಬಿಡೋದು ನಿಮ್ಮಿಷ್ಟ. ಹ್ಯಾವ್ ಟು, ಮಸ್ಟ್ ಎರಡೂ ಒಂದೇ ಅಂತ ಕಲಿಸ್ತೀವಲ್ಲ, ನಾಟ್ ಬಂದ ಕೂಡ್ಲೇ ಎರಡೂ ಬೇರೆ ಬೇರೆ ದಾರಿ ಹಿಡೀತಾವೆ. ಕನ್ನಡದಲ್ಲಿ ಬಾರದು, ಬೇಕಾಗಿಲ್ಲ ಅಂತ ಎರಡು ಪದಾನೇ ಇರೋದ್ರಿಂದ ಗೊಂದ್ಲಕ್ಕೆ ಜಾಗ ಇಲ್ಲ, ಬಿಡಿಬಿಡಿಯಾಗಿ ಅನುವಾದ ಮಾಡೋಕೆ ಹೋದ್ರೆ ಮಾತ್ರ ಪಜೀತಿ.

ಮೇ ನಾಟ್ ಇನ್ನೂ ಕಿತಾಪತಿ. ‘ಯೂ ಮೇ ನಾಟ್ ಗೋ’ ಅಂತ ಮೇಷ್ಟ್ರು ಅಂದ್ರೆ ಹೋಗ್ಬಾರ್ದು, ‘ಇಟ್ ಮೇ ನಾಟ್ ರೇನ್’ ಅಂದ್ರೆ ಮಳೆ ಬರದೇ ಇರಬಹುದು. ಮಳೆಗೆ ಬರಬಾರ್ದು ಅಂತ ಅಪ್ಪಣೆ ಕೊಡೋರು ಯಾರು!

ಒಂದು ವಿಷ್ಯದಲ್ಲಿ ಮಾತ್ರ ನಮ್ಮ ಮಕ್ಳಿಗೆ ಕನ್ನಡಾನೇ ಆಸರೆ. ಹಿ ಕ್ಯಾನ್ಸ್, ಶಿ ಮಸ್ಟ್ಸ್ ಅಂತ ಬರೆಯೋ ಹುಡುಗ್ರಿಗೆ ನಾನು ಹೇಳೋದು ಇಷ್ಟೇ, ನಾನು ಹೋಗಬೇಕು, ಅವಳು ಹೋಗಬೇಕು, ನೀವು ಹೋಗಬೇಕು, ಬೇಕು ಎಲ್ಲಾದ್ರೂ ಬದಲಾಯ್ತಾ? ಬಹುದು, ಬಾರದು ಕೂಡ ಹಂಗೇ. ಮಸ್ಟ್, ಮೇ, ಕ್ಯಾನ್ ಕೂಡ ಅದೇ ಜಾತಿ, ಬಾಲ ಹಚ್ಚಬೇಡ್ರಿ. ಊಹೆನೂ ಅಷ್ಟೇ, ಹರಿಹರದ ಬಸ್ಸು ಕಾಣ್ತಿಲ್ಲ ಅಂದ್ರೆ ‘ಹೋಗಿರ್ಬೇಕು’ ಅಂತೀವಿ, ಅದು ಮಸ್ಟ್ ಹ್ಯಾವ್ ಗಾನ್. ‘ಹೋಗ್ಬೇಕಿತ್ತು’ ಅಂದ್ರೆ ಶುಡ್ ಹ್ಯಾವ್ ಗಾನ್, ಹೋಗಿಲ್ಲ ಅಂತ ಅರ್ಥ. ಅಪ್ಪಣೆ ಪದಾನೇ ಊಹೆಗೂ ಬಳಸೋದು ಎರಡು ಭಾಷೆಲೂ ಹೆಂಗೆ ಬಂತೋ, ನನಗಂತೂ ಖುಷಿ ಕೊಡೋ ವಿಷ್ಯ.

ಇನ್ನೊಂದು ತಮಾಷೆ, ಕುಡ್ ಬರೆಯುವಾಗ ನಡುವೆ ಒಂದು ಎಲ್ ಸುಮ್ನೆ ಕುಂತಿರುತ್ತಲ್ಲ, ಹಳೇ ಇಂಗ್ಲಿಷಿನ ಆ ಪದದಲ್ಲಿ ಎಲ್ ಇರ್ಲೇ ಇಲ್ಲ, ಶುಡ್, ವುಡ್ ಪಕ್ಕ ನಿಂತು ನಿಂತು ಅಂಟಿಸ್ಕೊಂಡಿದ್ದು. ಸ್ಪೆಲಿಂಗ್ ತಪ್ಪಿದ ಹುಡುಗ್ರಿಗೆ ಬೈಯೋಕೆ ಆಮೇಲಿಂದ ಮನಸ್ಸು ಬರಲ್ಲ.

ಈಗ ನನ್ನ ಪ್ರಶ್ನೆ. ಬಹುದು, ಬಾರದು ಎರಡೂ ‘ಬರು’ ಧಾತುವಿನವೇ ಅಂತಾರೆ. ನಮ್ ಕಡೆ ಕೌಂಟರ್‌ನಲ್ಲಿ ಕುಂತವ್ರು ‘ಹಂಗೆಲ್ಲ ಕೊಡಾಕ್ ಬರಲ್ಲ ರೀ’ ಅಂತಾರಲ್ಲ, ಅಲ್ಲಿ ‘ಬರಲ್ಲ’ ಅನ್ನೋದು ಆಗಲ್ಲ ಅಂತಲೋ, ಕೊಡಬಾರದು ಅಂತ ರೂಲ್ಸೋ? ಇಂಗ್ಲಿಷಿನ ಕಾಂಟ್ ಕೂಡ ಹಿಂಗೇ ಎರಡೂ ಕಡೆ ಕಾಲಿಟ್ಟಿರುತ್ತೆ, ಆದ್ರೆ ‘ನನಗೆ ಈಜಕ್ಕೆ ಬರಲ್ಲ’ ಅನ್ನೋದರಲ್ಲಿ ರೂಲ್ಸಿನ ವಾಸನೆ ಇಲ್ಲ. ‘ನನಗೆ’ ಅಂತ ಸೇರಿದ್ರೆ ಸಾಮರ್ಥ್ಯ, ಸೇರದಿದ್ರೆ ನಿಷೇಧ ಅಂತ ನನ್ನ ಲೆಕ್ಕ. ಚಿತ್ರದುರ್ಗ, ಹೊಳಲ್ಕೆರೆ ಕಡೆಯವ್ರು ಇದಕ್ಕೆ ಒಪ್ತೀರಾ? ಈ ಲೆಕ್ಕ ಕೆಡಿಸೋ ಒಂದು ವಾಕ್ಯ ನಿಮ್ಮೂರಲ್ಲಿ ಇದ್ರೆ ಬರೀರಿ, ಸೋಮವಾರದ ಟ್ಯೂಷನ್‌ಗೆ ಮುಂಚೆ ಸಿಕ್ರೆ ಇನ್ನೂ ಒಳ್ಳೇದು.